ತಿದಿ ಒತ್ತದ ಹಾರ್ಮೋನಿಯಂ

ಅಂಗಡಿಯಲ್ಲಿ ನಾವು ಮೂವರೇ ಇದ್ದೆವು. ನಾನು, ನನ್ನ ತಂಗಿಯ ಮಗಳು, ಮತ್ತು ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡಿದ್ದ ಅಂಗಡಿಯ ಯುವಕ. ಗಾಜಿನ ಮೇಜಿನ ಮೇಲೆ ನಾಲ್ಕು ಪುಟ್ಟ ಕೀಬೋರ್ಡುಗಳು. ಟ್ಯಾಬ್‌ಗೆ ಜೋಡಿಸಿ ನುಡಿಸುವಂಥ, ಚೀಲದಲ್ಲಿ ಹಾಕಿಕೊಂಡು ಓಡಾಡುವಂಥ ಒಂದನ್ನು ಆರಿಸಲು ನಾವು ಬಂದಿದ್ದೆವು. ಶನಿವಾರದ ಭಜನೆ ನಡೆಯುವುದು ಗಾಂಧಿಬಜಾರಿನ ಹತ್ತಿರದ ಒಂದು ಮನೆಯ ಎರಡನೇ ಮಹಡಿಯಲ್ಲಿ. ಹಾರ್ಮೋನಿಯಂ ಹೊತ್ತು ಆ ಮೆಟ್ಟಿಲು ಹತ್ತುವುದು ನನ್ನ ಭುಜಕ್ಕೆ ಇನ್ನಾಗದು ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು.

ಇಪ್ಪತ್ತೈದು ಮನೆಯದು, ಅಂದರೆ ಒತ್ತುವ ಕೀಲಿ ಇಪ್ಪತ್ತೈದಿರುವುದು, ಹಗುರ, ಆದರೆ ಎರಡೇ ಸ್ಥಾಯಿ. ನಲವತ್ತೊಂಬತ್ತು ಮನೆಯದು ಬೆರಳಿಗೆ ಹಿತ, ಹೊತ್ತರೆ ಹಾರ್ಮೋನಿಯಮ್ಮಿನ ತಮ್ಮ. ಒಂದಕ್ಕೆ ವೈರು ಬೇಕು, ಇನ್ನೊಂದಕ್ಕೆ ಬೇಡ. ವೈರಿಲ್ಲದ್ದು ಒತ್ತಿದ ಮೇಲೆ ಚೂರು ತಡವಾಗಿ ನುಡಿಯುತ್ತದಂತೆ. ಕೇಳಿ ಕೇಳಿ ಸಾಕಾಗಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಸುಮ್ನೆ ಒತ್ತಿ ನೋಡಿ ಆಂಟಿ, ಫೀಲ್ ಗೊತ್ತಾಗತ್ತೆ," ಎಂದ ಯುವಕ.

ಒತ್ತಿದೆ. ಸದ್ದಿಲ್ಲ. ಪಕ್ಕದ್ದನ್ನೂ ಒತ್ತಿದೆ. ಟಕ್, ಟಕ್ ಎಂದಿತು, ಅಷ್ಟೆ.

"ಕೆಟ್ಟಿದೆಯೇನಪ್ಪಾ ಇದು?"

"ಇಲ್ಲ ಆಂಟಿ, ಇದಕ್ಕೆ ಸ್ವಂತ ಸೌಂಡಿಲ್ಲ. ಟ್ಯಾಬ್‌ಗೆ ಹಾಕಿದ್ರೇನೇ ಬರೋದು."

"ದೊಡ್ಡಮ್ಮಾ, ಅವ್ರ ಮುಖ ನೋಡು, ಹೆದರಿಸ್ಬಿಟ್ಟೆ ಪಾಪ!" ಎಂದು ತಂಗಿಯ ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಮತ್ತೆ ಒತ್ತಿದೆ. ಟಕ್, ಟಕ್... ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು.

ಆಗ ನಾವು ಶಂಕರಪುರಂನ ಒಂದು ವಠಾರದಲ್ಲಿದ್ದೆವು. ಆರು ಮನೆ, ಒಂದು ಅಂಗಳ, ಒಂದೇ ನಲ್ಲಿ. ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಮೂಲೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆಕೆ ನಮಗೆಲ್ಲ ಮೂಲೆಮನೆ ಅಕ್ಕ, ಆಕೆಯ ಗಂಡ ಭಾವ. ಭಾವನಿಗೆ ಕಾಟನ್‌ಪೇಟೆಯ ಒಂದು ಮುದ್ರಣಾಲಯದಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಹಾಲಿನವನ ಹಿಂದೆಯೇ ಬರುತ್ತಿದ್ದರು. ಸ್ನಾನ ಮಾಡಿ, ಉಂಡು, ಸಂಜೆಯವರೆಗೆ ಮಲಗುತ್ತಿದ್ದರು. ಆ ಮನೆಗಿದ್ದದ್ದು ಒಂದೇ ಕೋಣೆ.

ಅಕ್ಕನ ಬಳಿ ತವರಿನಿಂದ ಬಂದ ಹಾರ್ಮೋನಿಯಂ ಇತ್ತು. ಭಾವ ಎದ್ದಿರುವಷ್ಟು ಹೊತ್ತು ಅಕ್ಕನಿಗೆ ಅಡುಗೆ, ನೀರು, ಡಬ್ಬಿ. ರಾತ್ರಿ ನುಡಿಸಿದರೆ ವಠಾರವೆಲ್ಲ ಏಳುತ್ತಿತ್ತು, ಹಗಲು ಕೈ ಬಿಡುವಾಗುತ್ತಿದ್ದುದು ಭಾವ ಮಲಗಿದ ಮೇಲೆಯೇ. ಹಾಗಾಗಿ ಅಕ್ಕ ಹಾರ್ಮೋನಿಯಮ್ಮಿಗೆ ಗಾಳಿ ತುಂಬುವ ತಿದಿಯನ್ನು ಒತ್ತುತ್ತಲೇ ಇರಲಿಲ್ಲ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಲ್ಲಿ ಬರೀ ಮನೆಗಳನ್ನು ಒತ್ತುತ್ತಿದ್ದರು. ಮರದ ಟಕ್ ಟಕ್ ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ.

"ನುಡಿಸೇ ಮಾರಾಯ್ತಿ, ಆ ಮಷೀನುಗಳ ಪಕ್ಕದಲ್ಲೇ ತೂಕಡಿಸೋನು ನಾನು. ನಿನ್ನ ಪೆಟ್ಟಿಗೆ ನನ್ನ ಎಬ್ಬಿಸತ್ತಾ?" ಎಂದು ಭಾವ ಎಷ್ಟೋ ಸಲ ಹೇಳಿದ್ದರು. ಅಕ್ಕ ಕೇಳಲಿಲ್ಲ.

ಮಧ್ಯಾಹ್ನ ನಾನು ಅವರ ಹೊಸಿಲಲ್ಲಿ ಕೂರುತ್ತಿದ್ದೆ. ಪರೀಕ್ಷೆಗೆಂದು ವಿದ್ವಾಂಸರೊಬ್ಬರಲ್ಲಿ ಹಾಡುಗಾರಿಕೆ ಕಲಿಯುತ್ತಿದ್ದೆನಾದರೂ ಹಾರ್ಮೋನಿಯಂ ಕಲಿತದ್ದು ಆ ಹೊಸಿಲಲ್ಲೇ, ಪಿಸುಮಾತಿನಲ್ಲಿ.

"ಹೇಳು, ನಾನೇನು ನುಡಿಸ್ದೆ?"

"ಮೋಹನ."

"ಮೋಹನ ಅಂತ ಊರಿಗೆಲ್ಲ ಗೊತ್ತು, ಬರೀ ಕರಿ ಮನೆ. ಹಾಡು ಯಾವ್ದೇ, ಜಾಣೆ?"

ಮೊದಮೊದಲು ತಪ್ಪು ಹೇಳುತ್ತಿದ್ದೆ. ಆಮೇಲೆ ಅವರ ಬೆರಳು ನೋಡಿದರೆ ಸಾಕು, ಹಾಡು ನನ್ನ ಕಿವಿಯಲ್ಲಿ ತಾನಾಗಿ ಕೇಳಿಸುತ್ತಿತ್ತು. ಗಮಕ, ಎಳೆತ, ಉಸಿರು ನಿಲ್ಲುವ ಜಾಗ... ಎಲ್ಲವೂ.

ಒಂದು ಚಳಿಗಾಲದಲ್ಲಿ ಭಾವನಿಗೆ ಹಿಡಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ರಾತ್ರಿ ಕೆಲಸ ಬಿಡಿ ಎಂದರು ಡಾಕ್ಟರು. ಹಗಲು ಮನೆಯಲ್ಲೇ ಕೂತು ಪ್ರೂಫ್ ನೋಡುವ ಕೆಲಸ ಸಿಗುವ ಹಾಗಿತ್ತು, ಆದರೆ ಅದರ ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ. ಅದೇ ಹೊತ್ತಿಗೆ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸಂಗೀತದ ಟೀಚರು ಬೇಕಾಗಿದ್ದಾರೆಂದು ತಿಳಿಯಿತು. ಅಕ್ಕ ಅರ್ಜಿ ಹಾಕಿದರು. ಅವರಿಗೆ ಕೆಲಸ ಸಿಕ್ಕಿದರೆ ಭಾವ ರಾತ್ರಿ ಪಾಳಿ ಬಿಡುವುದೆಂದು ಮಾತಾಯಿತು. ಆ ತಿಂಗಳೆಲ್ಲ ಅಕ್ಕ ಮಲಗಿದ್ದ ಗಂಡನ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿದರು, ಎಂದಿನಂತೆ ತಿದಿ ಒತ್ತದೆ. ಸರಿಯಾಗಿ ಒಂದು ಸಲ ಒತ್ತಿ ನೋಡಿ ಎಂದು ನನಗೂ ಹೇಳಲು ತೋಚಲಿಲ್ಲ.

ಸಂದರ್ಶನಕ್ಕೆ ಜೊತೆಗೆ ನಾನು ಹೋದೆ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿರಲು ಬಿಟ್ಟರು. ಮುಖ್ಯೋಪಾಧ್ಯಾಯಿನಿ, ಆಡಳಿತ ಮಂಡಳಿಯ ಇಬ್ಬರು ಹಿರಿಯರು, ಬೀರುವಿಗೆ ಒರಗಿ ನಿಂತ ಗುಮಾಸ್ತ. ನೆಲದ ಜಮಖಾನೆಯ ಮೇಲೆ ಶಾಲೆಯ ಹಾರ್ಮೋನಿಯಂ.

"ಮೊದಲು ಒಂದು ದೇವರನಾಮ ನುಡಿಸಿ. ಆಮೇಲೆ ಹಾಡಿಸ್ತೀವಿ," ಎಂದರು ಮುಖ್ಯೋಪಾಧ್ಯಾಯಿನಿ.

ಅಕ್ಕ ಕೂತು, ಕೈಮುಗಿದು, ಕಣ್ಣುಮುಚ್ಚಿದರು. ಬಲಗೈ ಮನೆಗಳ ಮೇಲೆ ಓಡತೊಡಗಿತು. ಅಂಥ ಮೋಹನವನ್ನು ಅವರು ಹಿಂದೆಂದೂ ನುಡಿಸಿರಲಿಲ್ಲ. ಪಲ್ಲವಿ ಮುಗಿಯಿತು, ಅನುಪಲ್ಲವಿಗೆ ಏರಿದರು. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಹಿರಿಯರಲ್ಲೊಬ್ಬರು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದ್ದು ಕಂಡಿತು. ಪಾಪ, ಕಿವಿ ಮಂದ ಅಂದುಕೊಂಡೆ.

"ಅಮ್ಮಾ, ಗಾಳಿ ಹಾಕೋದೇ ಮರ್ತಿದೀರಲ್ಲ!" ಎಂದು ಗುಮಾಸ್ತ ಕಿಸಕ್ಕನೆ ನಕ್ಕ.

ಆಗಲೇ ನನಗೆ ಗೊತ್ತಾದದ್ದು, ಕೋಣೆಯಲ್ಲಿ ಟಕ್ ಟಕ್ ಬಿಟ್ಟು ಬೇರೆ ಸದ್ದೇ ಇರಲಿಲ್ಲವೆಂದು. ಅಕ್ಕನ ಎಡಗೈ ಮಡಿಲಲ್ಲಿತ್ತು.

ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. "ಪರವಾಗಿಲ್ಲಮ್ಮ, ಇನ್ನೊಂದ್ಸಲ ನುಡಿಸಿ," ಎಂದರು. ಅಕ್ಕ ತಿದಿಗೆ ಕೈ ಹಾಕಿದರು. ಆದರೆ ಆ ಕೈಗೆ ಅದರ ಅಭ್ಯಾಸವೇ ತಪ್ಪಿಹೋಗಿತ್ತು. ಬೆರಳು ಒಂದು ಕಡೆ, ಗಾಳಿ ಒಂದು ಕಡೆ. ಹಾರ್ಮೋನಿಯಂ ಒಮ್ಮೆ ಅರಚಿತು, ಒಮ್ಮೆ ಏದುಸಿರು ಬಿಟ್ಟಿತು. ನಾಲ್ಕು ಸಾಲು ದಾಟುವುದರೊಳಗೆ ಅಕ್ಕ ಕೈಮುಗಿದು ಎದ್ದುಬಿಟ್ಟರು. ಹಾಡಲು ನಿಲ್ಲಲೇ ಇಲ್ಲ.

ರಸ್ತೆಗೆ ಬಂದ ಮೇಲೆ ಕೇಳಿದರು. "ಎದುರಿಗೇ ಕೂತಿದ್ಯಲ್ಲೇ, ನೀನಾದ್ರೂ ಹೇಳ್ಬಾರ್ದಿತ್ತಾ?"

"ನಂಗೆ ಕೇಳಿಸ್ತಿತ್ತು ಅಕ್ಕಾ."

ಅವರು ನಿಂತು ನನ್ನ ಮುಖ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ.

"ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು."



ಭಾವ ಅಂದು ಮಲಗದೆ ಬಾಗಿಲಲ್ಲೇ ಕಾಯುತ್ತಿದ್ದರು. ನಡೆದದ್ದನ್ನು ಕೇಳಿ, ಕೆಮ್ಮು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, "ಇವತ್ತು ನಂಗೆ ನಿದ್ದೆ ಬೇಡ. ಒತ್ತು ತಿದಿ," ಎಂದರು. ಆ ಮಧ್ಯಾಹ್ನ ಮೂಲೆಮನೆಯ ಹಾರ್ಮೋನಿಯಂ ವಠಾರಕ್ಕೆಲ್ಲ ಕೇಳಿತು. ಪೆಟ್ಟಿಗೆಯ ಎರಡು ಮನೆಗಳು ನುಡಿಯಲೇ ಇಲ್ಲ. ಯಾವ ಕಾಲಕ್ಕೆ ಸತ್ತಿದ್ದವೋ... ಸಂಜೆ ಭಾವ ನಿದ್ದೆಗಣ್ಣಿನಲ್ಲೇ ಡಬ್ಬಿ ಹಿಡಿದು ಕೆಲಸಕ್ಕೆ ಹೋದರು. ಮರುದಿನದಿಂದ ಮತ್ತೆ ಟಕ್ ಟಕ್.

ಮರುವರ್ಷ ಆ ಕೆಲಸ ಮತ್ತೆ ಖಾಲಿಯಾಯಿತು. "ಈ ಸಲ ನೀನು ಹಾಕು," ಎಂದರು ಅಕ್ಕ. ನೀವೇ ಇನ್ನೊಂದು ಸಲ ಹೋಗಬಾರದೇ ಎಂದೆ. "ಆ ಮೆಟ್ಟಿಲು ನಾನು ಹತ್ತಲ್ಲ ಕಣೇ," ಎಂದರು. ನಾನು ಎರಡನೇ ಸಲ ಕೇಳಲಿಲ್ಲ. ಇಷ್ಟು ವರ್ಷವಾದರೂ ನೆನಪು ಅಲ್ಲಿಗೆ ಬಂದರೆ ಮನಸ್ಸು ಮುಂದಕ್ಕೆ ಹೋಗುವುದಿಲ್ಲ. ನನಗೂ ಕೆಲಸ ಬೇಕಾಗಿತ್ತು, ನಿಜ. ಆದರೆ ಇನ್ನೊಂದು ಸಲ ಒತ್ತಾಯ ಮಾಡಿದ್ದರೆ ಹೋಗುತ್ತಿದ್ದರೇನೋ.

ಆ ಕೆಲಸ ನನಗೆ ಸಿಕ್ಕಿತು. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಭಾವ ರಾತ್ರಿ ಪಾಳಿಯಲ್ಲೇ ಉಳಿದರು. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಒಂದು ಬೆಳಗ್ಗೆ ಮುದ್ರಣಾಲಯದಿಂದ ಬರುತ್ತಾ ಬಸ್‌ಸ್ಟಾಪಿನಲ್ಲಿ ಕೂತವರು ಏಳಲಿಲ್ಲ. ಅಕ್ಕ ಮನೆ ಖಾಲಿ ಮಾಡಿ ಅಣ್ಣನ ಊರಿಗೆ ಹೋದರು. ಅಲ್ಲಿಂದ ಎರಡು ಪತ್ರ ಬಂದವು. ನಾನು ಒಂದಕ್ಕೆ ಉತ್ತರ ಬರೆದೆ. ಅವರು ತೀರಿಹೋದ ಸುದ್ದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ, ತಮ್ಮನ ಮದುವೆಯ ಕರೆಯೋಲೆ ಆರಿಸಲು ಸುಲ್ತಾನ್‌ಪೇಟೆಗೆ ಹೋದಾಗ ಸಿಕ್ಕ ವಠಾರದ ಹಳಬರೊಬ್ಬರಿಂದ.

ನಿವೃತ್ತಿಯ ದಿನ ವೇದಿಕೆಯ ಮೇಲೆ ನಿಮ್ಮ ಗುರುಗಳು ಯಾರು ಎಂದು ಕೇಳಿದರು. ಪರೀಕ್ಷೆಗೆ ಪಾಠ ಹೇಳಿದ ವಿದ್ವಾಂಸರ ಹೆಸರು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂಗಡಿಯಲ್ಲಿ ಕೊನೆಗೆ ಮೂವತ್ತೇಳು ಮನೆಯ, ವೈರು ಇರುವುದನ್ನೇ ಆರಿಸಿದೆ. ಮೂರು ಸ್ಥಾಯಿ ಇದೆ, ಭುಜವೂ ತಡೆಯುತ್ತದೆ.

ಮುಂದಿನ ಶನಿವಾರ ಭಜನೆ ಮುಗಿದ ಮೇಲೆ, ಹೊಸದಾಗಿ ಸೇರಿದ್ದ ಹೆಂಗಸೊಬ್ಬರು ಹತ್ತಿರ ಬಂದು ಕೂತರು. "ಯಾರ ಹತ್ರ ಕಲಿತ್ರಿ ನೀವು?"

ಮೂಲೆಮನೆ ಅಕ್ಕನ ಹೆಸರು ಹೇಳಿದೆ.

"ಕೇಳಿದ ಹಾಗಿಲ್ವಲ್ಲ. ಕಛೇರಿ ಮಾಡ್ತಿದ್ರಾ?"

"ಇಲ್ಲ. ಮನೇಲೇ ನುಡಿಸ್ತಿದ್ರು."

"ಓ," ಎಂದು ಅವರು ಕಡಲೆಕಾಳಿನ ಉಸಲಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.