ಪಾರ್ಲೆಯ ದೋಸೆ ಬೈಕುಲ್ಲಾದಲ್ಲಿ

ಭಾವನಿಗೆ ನನ್ನ ಮೇಲೆ ಎಂದೂ ನಂಬಿಕೆ ಇರಲಿಲ್ಲ. ನನಗೂ ನನ್ನ ಮೇಲೆ ಇರಲಿಲ್ಲ. ನಮ್ಮಿಬ್ಬರಿಗೆ ಒಮ್ಮತವಿದ್ದದ್ದು ಅದೊಂದರಲ್ಲೇ.

ಐವತ್ತರ ಹತ್ತಿರ ಬಂದಾಗ ಆಫೀಸಿನವರು ನನ್ನನ್ನು ಮನೆಗೆ ಕಳಿಸಿದರು. ಅಕ್ಕ ಹಟ ಹಿಡಿದು, ಬೈಕುಲ್ಲಾ ಮತ್ತು ವಿಲೆ ಪಾರ್ಲೆಯಲ್ಲಿದ್ದ ತನ್ನ ಗಂಡನ ಎರಡು ಹೋಟೆಲುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಕೊಡಿಸಿದಳು. ಅದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ. ಇದು ಭಾವನಿಗೂ ಗೊತ್ತಿತ್ತು.

ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಆಜ್ಞೆಗಳನ್ನು ಟೈಪ್ ಮಾಡಿಯೇ ನಾನು ಕೆಲಸ ಮಾಡುವುದು. ಅದರ ಬಣ್ಣ, ಅಕ್ಷರದ ಗಾತ್ರ, ಉದ್ದುದ್ದ ಆಜ್ಞೆಗಳಿಗೆ ನಾನೇ ಇಟ್ಟುಕೊಂಡ ಚಿಕ್ಕ ಹೆಸರುಗಳು, ಎಲ್ಲ ಒಂದು ಫೈಲಿನಲ್ಲಿ. ಆ ಫೈಲು ಎರಡೂ ಹೋಟೆಲಿಗೆ ಒಂದೇ. ಮನೆಯಲ್ಲಿ ಕೂತು ತಿದ್ದಿದರೆ ಎರಡೂ ಕಡೆ ತಲುಪುವಂತೆ ಜೋಡಿಸಿದ್ದೆ. ಆಯಾ ಕಂಪ್ಯೂಟರಿಗಷ್ಟೇ ಸೇರಿದ್ದು, ಮುಖ್ಯವಾಗಿ ಆರ್ಡರಿನ ಚೀಟಿ ಯಾವ ಅಡುಗೆಮನೆಯ ಪ್ರಿಂಟರಿಗೆ ಹೋಗಬೇಕೆಂಬುದು, ಇನ್ನೊಂದು ಸಣ್ಣ ಫೈಲಿನಲ್ಲಿ. ಆ ಸಣ್ಣ ಫೈಲು ಇದ್ದಲ್ಲಿಂದ ಕದಲಬಾರದು. ನಿಯಮ ಮಾಡಿದವನು ನಾನೇ.

ಮುರಿದವನೂ ನಾನೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ವಾಪಸು ಬರುವ ಜೀವ ನನ್ನದು. ಬೈಕುಲ್ಲಾದ ಕಂಪ್ಯೂಟರು ಸುಟ್ಟುಹೋದರೆ? ವೈರನ್ನು ಇಲಿ ಕಡಿದರೆ? ಸಣ್ಣ ಫೈಲಿನದೂ ಒಂದು ಪ್ರತಿ ಇರಲಿ ಎಂದು, ಒಂದು ಭಾನುವಾರ ಬೆಳಿಗ್ಗೆ, ಹೋಟೆಲು ತೆರೆದು ಆರ್ಡರಿನ ಪ್ರೋಗ್ರಾಂ ಶುರುವಾಗುವ ಮೊದಲೇ, ಅದನ್ನೂ ಎರಡೂ ಕಡೆಗೆ ಹೋಗುವ ಫೈಲಿನ ಜೊತೆ ಸೇರಿಸಿದೆ. ಪಾರ್ಲೆಯ ಸಣ್ಣ ಫೈಲಿಗೂ ಅದೇ ಹೆಸರೆಂಬುದು ಹೊಳೆಯಲಿಲ್ಲ. ಬೈಕುಲ್ಲಾದ್ದು ಹೋಗಿ ಪಾರ್ಲೆಯದನ್ನು ಅಳಿಸಿ ಕೂತಿತು.

ಭಾನುವಾರ ಬೆಳಿಗ್ಗೆ ಪಾರ್ಲೆಯಲ್ಲಿ ಫುಟ್‌ಪಾತಿನವರೆಗೆ ಕ್ಯೂ. ಅಲ್ಲಿಯ ಆರ್ಡರುಗಳೆಲ್ಲ ಬೈಕುಲ್ಲಾದ ಅಡುಗೆಮನೆಯಲ್ಲಿ ಚೀಟಿಯಾಗಿ ಬೀಳತೊಡಗಿದವು. ಬೈಕುಲ್ಲಾದ ಭಟ್ಟರು ಚೀಟಿ ಬಂದರೆ ಪ್ರಶ್ನೆ ಕೇಳುವವರಲ್ಲ, ದೋಸೆ ಹುಯ್ಯುವವರು. ತಿನ್ನುವವರಿಲ್ಲದೆ ದೋಸೆಗಳು ಅಲ್ಲಿ ತಣ್ಣಗಾದವು. ಪಾರ್ಲೆಯಲ್ಲಿ ಗಿರಾಕಿಗಳು ಟೇಬಲ್ ಕುಟ್ಟುತ್ತಿದ್ದರೆ ಅಡುಗೆಯವರು ಕಾದ ಕಾವಲಿಯ ಮುಂದೆ ಕೈಕಟ್ಟಿ ನಿಂತಿದ್ದರು.

ಕೊನೆಗೆ ಭಟ್ಟರಿಗೇ ಸಂಶಯ ಬಂದು ನನಗೆ ಫೋನು ಮಾಡಿದರು.

“ಇಲ್ಲಿ ಇರುವುದು ಹನ್ನೆರಡು ಟೇಬಲ್. ಇಪ್ಪತ್ತೇಳಕ್ಕೆ ಮಸಾಲೆ ದೋಸೆ ಅಂತ ಚೀಟಿ ಬರ್ತಾ ಉಂಟು. ಆ ಟೇಬಲ್ ಎಲ್ಲಿ ಹಾಕಿದ್ದು ಮಾರಾಯ್ರೆ, ಬ್ರಿಡ್ಜಿನ ಮೇಲಾ?”

ಮನೆಯಿಂದಲೇ ಸರಿಪಡಿಸಿದೆ. ಅಷ್ಟರಲ್ಲಿ ಪಾರ್ಲೆಯ ಅರ್ಧ ಕ್ಯೂ ಎದುರಿನ ಹೋಟೆಲಿಗೆ ಹೋಗಿತ್ತು.

ಮರುದಿನ ಭಾವ ಪಾರ್ಲೆಗೆ ಬರಹೇಳಿದರು. ದಾದರಿನಲ್ಲಿ ಗಾಡಿ ಬದಲಿಸುವವರೆಗೆ ಒಂದು ಸಬೂಬು ಕಟ್ಟಿದೆ, ಬಾಂದ್ರಾ ದಾಟುವಷ್ಟರಲ್ಲಿ ಅದನ್ನು ನಾನೇ ನಂಬದಾದೆ. ಭಾವ ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದರು. ಕೂತುಕೋ ಎನ್ನಲಿಲ್ಲ.

“ಸಾಂಬಾರಿನ ಪುಡಿ ಎರಡೂ ಕಡೆಗೆ ಒಂದೇ, ಬೈಕುಲ್ಲಾದಿಂದ್ಲೇ ಬರ್ತದೆ. ಉಪ್ಪು ಮಾತ್ರ ಆಯಾ ಭಟ್ರು ಹಾಕುವುದು, ಅಲ್ಲಿಯ ನೀರು ನೋಡಿ. ಪಾತ್ರೆ ತೊಳೆಯುವವನಿಗೂ ಗೊತ್ತುಂಟು ಇದು. ನಿನಗೆ ಇಷ್ಟು ಓದಿಯೂ ಗೊತ್ತಿಲ್ಲ.”

ನನ್ನ ನಿಯಮವೂ ಅದೇ ಭಾವ ಎನ್ನಬೇಕೆನಿಸಿತು. ಎಂದಿದ್ದರೆ, ಹಾಗಾದರೆ ಮುರಿದದ್ದು ಯಾಕೆ ಎಂದು ಕೇಳುತ್ತಿದ್ದರು. ಯಾವ ಕಂಪ್ಯೂಟರಿನಲ್ಲಿ ಏನು ಬೇರೆ, ಕೆಟ್ಟರೆ ಏನು ಮಾಡಬೇಕು, ಎಲ್ಲ ಕಾಗದದಲ್ಲಿ ಬರೆದುಕೊಡು, ಬೇರೆ ಯಾರು ಓದಿದರೂ ಮಾಡುವಂತಿರಲಿ ಎಂದರು. ಬೇರೆ ಯಾರು ಎಂಬ ಮಾತು ಎದೆಗೆ ಚುಚ್ಚಿತು.

ಮೂಲೆಯ ಟೇಬಲಿನಲ್ಲಿ ಕೂತು ಬರೆದೆ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸಣ್ಣ ಫೈಲು ತಿದ್ದಿದ ಮೇಲೆ ಆರ್ಡರಿನ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಹಳೇ ಪ್ರಿಂಟರಿಗೇ ಚೀಟಿ ಹೋಗುತ್ತದೆ. ಈ ಒಂದು ಸಾಲು ಬಿಟ್ಟರೆ ಸಾಕು, ಪ್ರತಿ ಸಲ ನನ್ನನ್ನೇ ಕರೆಯಬೇಕಾಗುತ್ತದೆ. ಭಾವನ ಮುಖ ನೋಡಿದೆ. ಹಾಗೆ ಮಾಡಿದರೆ ಪಾಪವೇನೂ ಬರದು ಅನಿಸಿತು. ಆದರೂ ಬರೆದೆ. ಪ್ರಾಮಾಣಿಕತೆಯಿಂದಲ್ಲ, ಇನ್ನೊಂದು ಭಾನುವಾರ ಕೆಟ್ಟರೆ ಭಾವ ಮೊದಲು ಬೈಯುವುದು ಅಕ್ಕನನ್ನು ಎಂಬ ಹೆದರಿಕೆಯಿಂದ.

ಭಾವ ಕಾಗದವನ್ನು ಓದದೆ ಗಲ್ಲೆಯ ಗುಮಾಸ್ತರಿಗೆ ಕೊಟ್ಟರು. ನನಗಿಂತ ಹಿರಿಯರು, ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ. ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತ, ಪ್ರಿಂಟರಿನ ಹೆಸರು ಬದಲಿಸಿ ನೋಡಿ, ಮತ್ತೆ ಮೊದಲಿನದನ್ನೇ ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆದರು. ಒಂದು ಇಡ್ಲಿಯ ಆರ್ಡರು ಒತ್ತಿದರು. ಒಳಗಿನಿಂದ ಅಡುಗೆಯವರು ಚೀಟಿ ಬಂತೆಂದು ಕೂಗಿದರು.

“ಇಷ್ಟೇಯಾ ಕೆಲಸ?” ಭಾವ ಕೇಳಿದರು.

ಎರಡು ವರ್ಷದಿಂದ ಇದು ಎಷ್ಟು ಕಷ್ಟದ್ದೆಂದು ಅವರ ಮನೆಯ ಊಟದ ಮೇಜಿನಲ್ಲಿ ನಾನು ವರ್ಣಿಸಿದ್ದಕ್ಕೆ ಲೆಕ್ಕವಿಲ್ಲ.

“ಇಷ್ಟೇ,” ಎಂದೆ.

ಇನ್ನು ಬರುವುದು ಬೇಡ, ಅಕ್ಕನಿಗೆ ನೀನೇ ಹೇಳು ಎಂದರು. ಹೋಟೆಲಿಗೆ ಬಂದ ಹೆಂಡತಿಯ ತಮ್ಮನಿಗೆ ಚಾ ಕುಡಿದು ಹೋಗು ಎನ್ನಲಿಲ್ಲ. ಗುಮಾಸ್ತರು ಮಾತ್ರ ಕಾಗದದಿಂದ ತಲೆ ಎತ್ತಿ, ನನ್ನ ಅಕ್ಷರ ಚೆನ್ನಾಗಿದೆ, ಓದುವಾಗ ಒಂದು ಕಡೆಯೂ ತಡೆಯಲಿಲ್ಲ ಎಂದರು.