ಲೆಕ್ಕಕ್ಕೆ ಬಾರದ ಹೆರಿಗೆ

ಸಿಡಿಮಿಡಿ ಎಂದು ಅವಳನ್ನು ಮೊದಲು ಕರೆದವಳು ಸ್ವಂತ ಅಕ್ಕ. ಕರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸು ತಡವಾದರೆ ಬಸ್ಸಿನ ಮೇಲೆ, ಹಾಲು ಉಕ್ಕಿದರೆ ಹಾಲಿನ ಮೇಲೆ ಸಿಟ್ಟಾಗುವ ಹುಡುಗಿ ಅವಳು. ಇಂಥವಳು ಹೋಗಿ ಸೂಲಗಿತ್ತಿ ತರಬೇತಿಗೆ ಸೇರಿದಾಗ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೂಸು ಹೊರಗೆ ಬರುವುದು ಸ್ವಲ್ಪ ತಡವಾದರೆ ಇವಳು ಬೈದೇ ಕರೆಯುತ್ತಾಳೆ ಎಂದು ಭಾವ ಹೇಳಿದ್ದು ಬೀದಿಯಲ್ಲೆಲ್ಲ ಓಡಾಡಿತು. ಆದರೆ ಹೆರಿಗೆ ಕೋಣೆಗೆ ಕಾಲಿಟ್ಟರೆ ಸಾಕು, ಆ ಸಿಟ್ಟು ಚಪ್ಪಲಿಯ ಜೊತೆ ಬಾಗಿಲಾಚೆಯೇ ಉಳಿಯುತ್ತಿತ್ತು. ಗಂಟೆಗಟ್ಟಲೆ ಒಬ್ಬಳ ಸೊಂಟ ಉಜ್ಜುತ್ತಾ ಕೂರುವುದು ಅವಳಿಗೆ ಬೇಸರವೇ ಅಲ್ಲ. ಬೇಸರವೆಲ್ಲ ಉಳಿದದ್ದಕ್ಕೆ.

ಉಳಿದದ್ದು ಎಂದರೆ ಖರ್ಚು. ಫೀಸೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಬಿಳಿ ಶೂ ಎಷ್ಟು ದಿನ ಬಿಳಿಯಾಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ರಕ್ತ ಬಿದ್ದರೆ ಹೋಗದು, ಹೋಗದಿದ್ದರೆ ದೊಡ್ಡ ಸಿಸ್ಟರ್ ಒಳಗೆ ಬಿಡರು, ಹೊಸದು ಕೊಳ್ಳಲೇಬೇಕು. ಯೂನಿಫಾರ್ಮಿನ ಖರ್ಚು ಕಲಿಯುವವರದೇ, ಗ್ಲೌಸ್ ಮುಗಿದ ದಿನ ಗ್ಲೌಸೂ ಇವರದೇ, ಬಸ್ ಪಾಸ್ ಇವರದೇ. ಆಸ್ಪತ್ರೆಯ ಕೆಲಸವನ್ನು ದಿನವಿಡೀ ಮಾಡಿ, ಮಾಡಿದ್ದಕ್ಕೆ ತಾನೇ ದುಡ್ಡು ಕಟ್ಟುವ ನೌಕರಿ ಲೋಕದಲ್ಲಿ ಇನ್ನೆಲ್ಲಿದೆ ಎಂದು ಅವಳು ಊಟಕ್ಕೆ ಕುಳಿತಾಗಲೆಲ್ಲ ಕೇಳುತ್ತಿದ್ದಳು. ಆದರೆ ಆ ಮನೆಯಲ್ಲಿ ನಿಜವಾದ ಬೆಲೆ ತೆತ್ತವಳು ಅಕ್ಕ, ಮತ್ತು ಅದು ಎಲ್ಲರಿಗೂ ಗೊತ್ತಿತ್ತು.

ಅಕ್ಕ ಟೈಲರ್. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ಅವಳ ಅಂಗಡಿ. ತಂಗಿಯ ಫೀಸಿಗೆ ದಾರಿ ಕಾಣದೆ ಅವಳು ಆ ಕೋಣೆಯನ್ನು ಒಬ್ಬ ಗಡಿಯಾರ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟು, ಹೊಲಿಗೆ ಮೆಷಿನ್ನನ್ನು ಅಡುಗೆಮನೆಗೆ ತಳ್ಳಿಕೊಂಡಳು. ಒಲೆಯ ಪಕ್ಕ ನಿಂತು ಅಳತೆ ಕೊಡಲು ಯಾವ ಹೆಂಗಸು ಬರುತ್ತಾಳೆ? ಹೊಸ ಬಟ್ಟೆಗೆ ಒಗ್ಗರಣೆ ವಾಸನೆ ಹತ್ತಿದರೆ ಯಾವಳು ಸುಮ್ಮನಿರುತ್ತಾಳೆ? ಗಿರಾಕಿಗಳು ಒಬ್ಬೊಬ್ಬರಾಗಿ ಮುಖ್ಯರಸ್ತೆಯ ಅಂಗಡಿಗೆ ಹೋದರು. ಅಕ್ಕ ಕತ್ತರಿಯನ್ನು ಈಳಿಗೆಮಣೆಯ ಮೇಲೆ ಕುಕ್ಕುವಾಗ ಬರುತ್ತಿದ್ದ ಸದ್ದು ಸಾಕಷ್ಟು ಹೇಳುತ್ತಿತ್ತು.

ಆ ವಾರಕ್ಕೆ ತರಬೇತಿ ಮುಗಿಯಬೇಕು. ಅಕ್ಕ ಕೋಣೆ ಖಾಲಿ ಮಾಡುವಂತೆ ಗಡಿಯಾರದವನಿಗೆ ಹೇಳಿಯೂ ಆಗಿತ್ತು, ಅಂಗಡಿ ಮತ್ತೆ ತೆರೆಯುತ್ತದೆಂದು ಹಳೆಯ ಗಿರಾಕಿಗಳ ಮನೆಮನೆಗೆ ಹೋಗಿ ಬಂದೂ ಆಗಿತ್ತು. ಸಿಡಿಮಿಡಿಗೆ ಮಾತ್ರ ಒಂದು ಹೆರಿಗೆ ಬಾಕಿ ಇತ್ತು. ಒಂದೇ ಒಂದು. ಅದಾಗದಿದ್ದರೆ ಇನ್ನೊಂದು ಅರ್ಧ ವರ್ಷ, ಇನ್ನೊಮ್ಮೆ ಫೀಸು.

ಅಲ್ಲಿನ ನಿಯಮ ಹೀಗಿತ್ತು. ಕಲಿಯುವವಳು ಇಷ್ಟು ಹೆರಿಗೆಗಳನ್ನು ತನ್ನ ಕೈಯಾರೆ ಮಾಡಿಸಬೇಕು. ತಲೆ ಕಾಣಿಸಿದಲ್ಲಿಂದ ಹಿಡಿದು ಕೂಸಿನ ಹಿಂದೆ ಬರುವ ಮಾಸು ಪೂರ್ತಿ ಬೀಳುವವರೆಗೆ ಅವಳದೇ ಕೈ. ಅಷ್ಟೂ ಹೊತ್ತು ಕಲಿಸುವ ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದು, ಕೊನೆಗೆ ಅವಳ ಪುಸ್ತಕದಲ್ಲಿ ಸಹಿ ಹಾಕಬೇಕು. ನಡುವೆ ಇನ್ನೊಬ್ಬರ ಕೈ ತಾಗಿದರೆ ಅದು ಅವರ ಲೆಕ್ಕಕ್ಕೆ. ಕೇಳಲು ಸರಳ. ಆದರೆ ಆ ಆಸ್ಪತ್ರೆಯಲ್ಲಿ ಡಾಕ್ಟರಿಕೆ ಓದುವ ಹುಡುಗರೂ ಇದ್ದರು, ಅವರಿಗೂ ಹೆರಿಗೆಗಳು ಬೇಕಿದ್ದವು. ಬೆಳಗಿನಿಂದ ಬೆವರು ಒರೆಸಿ, ನೀರು ಕುಡಿಸಿ, ಬೈಗುಳ ತಿಂದು ಕುಳಿತವಳು ಸಿಡಿಮಿಡಿ. ತಲೆ ಕಾಣುವ ಹೊತ್ತಿಗೆ ಸರಿಯಾಗಿ ಚಹಾ ಮುಗಿಸಿ ಬಂದು, "ಸ್ವಲ್ಪ ಸರೀತೀರಾ ಸಿಸ್ಟರ್" ಎನ್ನುವವರು ಅವರು. ಅಡುಗೆ ಮಾಡಿದವಳು ಒಬ್ಬಳು, ಎಲೆ ಹಾಕಿಕೊಂಡು ಕುಳಿತವರು ಇನ್ನೊಬ್ಬರು. ಆ ತಿಂಗಳಲ್ಲಿ ಅವಳ ಕೈ ತಪ್ಪಿದ ಕೂಸುಗಳನ್ನು ಸಾಲಾಗಿ ಮಲಗಿಸಿದ್ದರೆ ವಾರ್ಡಿನಲ್ಲಿ ಜಾಗ ಸಾಲುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ಅತ್ತೆಯ ತೋಳು ಹಿಡಿದು ಬಂದಳು. ಎರಡನೆಯ ಬಸಿರು. ನೋವು ಚೆನ್ನಾಗಿ ಹತ್ತಿತ್ತು. ಸಿಡಿಮಿಡಿ ಹೊಟ್ಟೆ ಮುಟ್ಟಿ ನೋಡಿ, ಎದೆಬಡಿತ ಕೇಳಿ, ಮನಸ್ಸಿನಲ್ಲೇ ಇದು ನನ್ನದು ಎಂದುಕೊಂಡಳು. ದೊಡ್ಡ ಸಿಸ್ಟರ್ ಕೂಡ ತಲೆಯಾಡಿಸಿ, ಇನ್ನೂ ಹೊತ್ತಿದೆ, ಸ್ವಲ್ಪ ನಡೆದಾಡಿಸು, ಆದರೆ ಬಾಗಿಲ ಮುಂದೆಯೇ ಇರು ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದರು.

ಅವಳು ಬಾಗಿಲ ಮುಂದೆಯೇ ಇದ್ದಳು. ಡಾಕ್ಟರ್ ಹುಡುಗರಿಬ್ಬರು ಮೆಟ್ಟಿಲ ಕಡೆಯಿಂದ ಬರುವುದು ಕಾಣುವವರೆಗೆ. ಕಂಡೊಡನೆ ಅವಳ ಕಾಲು ತಾನಾಗಿಯೇ ತಿರುಗಿತು. ಬಸುರಿಯ ಸೊಂಟ ಬಳಸಿ, ಉದ್ದನೆಯ ಪಡಸಾಲೆಯ ಆ ತುದಿಗೆ, ಒಗೆದ ಬಟ್ಟೆ ಇಡುವ ಕೋಣೆಯತ್ತ ನಡೆಸಿಕೊಂಡು ಹೋದಳು. ಅತ್ತೆ ಹಿಂದಿನಿಂದ ಬರುತ್ತಾ, ಇಷ್ಟು ದೂರ ಯಾಕಮ್ಮ ಎಂದು ಕೇಳಿದ್ದಕ್ಕೆ ನಡೆದಷ್ಟೂ ಸಲೀಸು ಎಂದಳು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ತುದಿ ಮುಟ್ಟಿ ತಿರುಗುವಷ್ಟರಲ್ಲಿ ಆ ಹೆಂಗಸು ಕಿಟಕಿಯ ಸರಳು ಹಿಡಿದು ನಿಂತುಬಿಟ್ಟಳು. "ಸಿಸ್ಟರ್, ಆಗಲ್ಲ. ಬಂತು."

ಎರಡನೆಯ ಕೂಸಿಗೆ ದಾರಿ ಗೊತ್ತಿರುತ್ತದೆ, ಅದು ಕೇಳಿ ಬರುವುದಿಲ್ಲ ಎಂದು ಪಾಠದಲ್ಲೇ ಹೇಳಿದ್ದರು. ಸಿಡಿಮಿಡಿ ಅಲ್ಲಿದ್ದ ಗಾಲಿಬಂಡಿಯಿಂದ ಒಗೆದ ದುಪ್ಪಟಿಗಳನ್ನು ಎಳೆದು ನೆಲಕ್ಕೆ ಹಾಸಿ, ಜೇಬಿನ ಗ್ಲೌಸ್ ಏರಿಸಿಕೊಂಡು, ದೊಡ್ಡ ಸಿಸ್ಟರನ್ನು ಕರೆತರಲು ಅತ್ತೆಯನ್ನು ಓಡಿಸಿದಳು. ಮುದುಕಿಯ ಓಟ ಎಷ್ಟು ಓಟ! ತಲೆ ಬಂತು. ಕುತ್ತಿಗೆಗೆ ಹೊಕ್ಕುಳಬಳ್ಳಿ ಒಂದು ಸುತ್ತು ಸುತ್ತಿತ್ತು, ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. ಭುಜ ಬಂತು, ಉಳಿದದ್ದು ಜಾರಿ ಬಂತು. ಹೆಣ್ಣು ಕೂಸು. ಒರೆಸುತ್ತಿದ್ದಂತೆಯೇ ಪಡಸಾಲೆ ಹಾರಿಹೋಗುವಂತೆ ಕಿರುಚಿತು. ದೊಡ್ಡ ಸಿಸ್ಟರ್ ಏದುಸಿರು ಬಿಡುತ್ತಾ ಬಂದಾಗ ತಾಯಿಯ ಎದೆಯ ಮೇಲೆ ಕೂಸಿತ್ತು, ಮಾಸು ಇನ್ನೂ ಬಿದ್ದಿರಲಿಲ್ಲ. ಅವರು ಎಲ್ಲಿಯೂ ಕೈ ಹಾಕಲಿಲ್ಲ. ನಿಂತು ನೋಡಿದರು. ಮಾಸು ಬಿತ್ತು, ಚೂರೂ ಹರಿಯದೆ, ಪೂರ್ತಿಯಾಗಿ.

ತಾಯಿ ಮಗು ಮಂಚ ಸೇರಿದ ಮೇಲೆ, ಕೈ ತೊಳೆಯುವ ತೊಟ್ಟಿಯ ಹತ್ತಿರ ಸಿಡಿಮಿಡಿ ಸಹಿ ಕೇಳಿದಳು.

"ತಲೆ ಬಂದಾಗ ನಾನು ಅಲ್ಲಿರ್ಲಿಲ್ಲ" ಎಂದರು ದೊಡ್ಡ ಸಿಸ್ಟರ್.

"ಮಾಸು ಬಿದ್ದಾಗ ಇದ್ರಲ್ಲ ಸಿಸ್ಟರ್. ಮಗು ನೋಡಿದ್ರಿ, ತಾಯಿನ ನೋಡಿದ್ರಿ. ಇನ್ನೇನು ಬೇಕು?"

"ಆ ತುದಿಗೆ ಯಾಕೆ ಕರ್ಕೊಂಡ್ ಹೋದೆ?"

ಅವಳು ನಲ್ಲಿ ನಿಲ್ಲಿಸಿದಳು. ಮತ್ತೆ ಬಿಟ್ಟಳು.

"ಆ ಹುಡುಗರಿಗೆ ಸಿಗಬಾರದು ಅಂತ ತಾನೆ? ನಂಗೂ ಕಣ್ಣಿದೆ ಕಣಮ್ಮ. ನಿಮಗೆ ಸಿಗಬೇಕಾದ್ದು ಅವರ ಪಾಲಾಗ್ತಿದೆ ಅಂತ ನಾನೂ ಮೇಲಿನೋರಿಗೆ ಹೇಳಿ ಹೇಳಿ ಸಾಕಾಗಿದೆ. ಆದ್ರೆ ಆಮೇಲೆ ರಕ್ತ ನಿಲ್ಲದೆ ಹೋಗಿದ್ರೆ? ಅಲ್ಲಿ ಏನಿತ್ತು ನಿನ್ನ ಹತ್ರ, ದುಪ್ಪಟಿ ಬಿಟ್ರೆ?"

ಸಿಡಿಮಿಡಿಗೆ ಬೈಯಲು ಆ ಹುಡುಗರಿದ್ದರು, ನಿಯಮವಿತ್ತು, ಮೇಲಿನವರಿದ್ದರು. ಎಲ್ಲರನ್ನೂ ಒಂದು ಸುತ್ತು ಬೈದು ಬಂದರೂ ಕೊನೆಗೆ ಪಡಸಾಲೆಯ ಆ ತುದಿಯಲ್ಲಿ ಅವಳೊಬ್ಬಳೇ ನಿಂತಿರುತ್ತಿದ್ದಳು. ಸಹಿ ಸಿಗದೆಯೇ ಮೂರು ಗಂಟೆಗೆ ಪಾಳಿ ಮುಗಿಯಿತು. ಇನ್ನೊಬ್ಬ ಬಸುರಿ ಬರಲಿಲ್ಲ.

ಮನೆಯಲ್ಲಿ ಅಕ್ಕ ಒಲೆಯ ಪಕ್ಕ ಕುಳಿತು ಅಂಗಿಯ ಅಂಚು ಮಡಿಸುತ್ತಿದ್ದಳು. ಸಿಡಿಮಿಡಿ ನಿಂತಲ್ಲೇ ಎಲ್ಲ ಹೇಳಿದಳು. ಹುಡುಗರ ಭಾಗ ಉದ್ದವಾಗಿ, ತನ್ನ ಭಾಗ ಗಿಡ್ಡವಾಗಿ. ಕೊನೆಗೆ, ಗಡಿಯಾರದವನಿಗೆ ಇನ್ನಾರು ತಿಂಗಳು ಇರಲು ಹೇಳೋಣವೇ ಎಂದು ಕೇಳಿದಳು.

ಅಕ್ಕ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಇಲ್ಲ."

"ಆರೇ ತಿಂಗಳು ಅಕ್ಕಾ."

"ಆರು ದಿನಾನೂ ಇಲ್ಲ. ಮನೆಮನೆಗೆ ಹೋಗಿ ಹೇಳಿ ಬಂದಿದೀನಿ, ಬನ್ನಿ ಅಂತ. ಮತ್ತೆ ಹೋಗಿ ಬರಬೇಡಿ ಅನ್ನಲಾ? ನೀನು ಹಡಿಸೋದು ಕಲಿಯೋಕೆ ನಾನೆಷ್ಟು ಸಲ ಹೆರಿಗೆ ನೋವು ತಿನ್ನಬೇಕು?"

ಸಿಡಿಮಿಡಿ ಪಾತ್ರೆಗಳನ್ನು ಅವು ಮಾಡದ ತಪ್ಪಿಗೆ ತಿಕ್ಕಿ ತಿಕ್ಕಿ ತೊಳೆದಳು. ಅಕ್ಕನ ಮೇಲೆ ಸಿಟ್ಟು ಮಾಡಲು ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಅದು ಇನ್ನೂ ದೊಡ್ಡ ಸಿಟ್ಟು.

ಗಡಿಯಾರದವನು ಹೋದ ಮರುದಿನ ಅಕ್ಕ ತಂಗಿ ಇಬ್ಬರೂ ಸೇರಿ ಮೆಷಿನ್ನನ್ನು ಮುಂದಿನ ಕೋಣೆಗೆ ತಳ್ಳಿದರು. ಹೊಸ್ತಿಲ ಹತ್ತಿರ ಗಾಲಿ ಸಿಕ್ಕಿಕೊಂಡಾಗ, "ನಿನ್ನ ಕಡೆ ಎತ್ತು" ಎಂದಳು ಅಕ್ಕ. ಬೆಳಕು ಬೀಳುವ ಕಡೆ ಮೆಷಿನ್ ನಿಲ್ಲಿಸಿ, ಸೆರಗಿನಿಂದ ಧೂಳು ಒರೆಸಿ, ಮುಖ ನೋಡದೆಯೇ ಹೇಳಿದಳು:

"ಆಸ್ಪತ್ರೆಲಿ ಮಧ್ಯಾಹ್ನದ ಪಾಳಿ ಕೇಳಿ ತಗೋ. ಬೆಳಿಗ್ಗೆ ಇಲ್ಲಿ ಕೂತ್ಕೋ. ಗುಂಡಿ, ಕಾಜ, ಅಂಚು ಎಲ್ಲ ನಿಂದು. ಕೂಲಿ ಕೊಡ್ತೀನಿ. ಅದನ್ನ ಎಲ್ಲಿ ಕಟ್ತೀಯೋ ನಿನ್ನಿಷ್ಟ."

ಸೂಜಿಗೆ ದಾರ ಪೋಣಿಸುವುದೆಂದರೆ ಸಿಡಿಮಿಡಿಗೆ ಹುಟ್ಟಿನಿಂದ ಆಗದು. ಈ ಕೆಲಸದಿಂದ ತಪ್ಪಿಸಿಕೊಳ್ಳಲೆಂದೇ ಬೇರೆ ಏನಾದರೂ ಕಲಿಯುತ್ತೇನೆಂದು ಹಟ ಹಿಡಿದು ಆ ತರಬೇತಿಗೆ ಸೇರಿದವಳು ಅವಳು. ಆದರೂ ಸ್ಟೂಲು ಎಳೆದುಕೊಂಡು ಕುಳಿತಳು.

ಮೊದಲು ಬಂದದ್ದು ಮೂಲೆಮನೆಯ ಹೆಂಗಸು, ಕೈಯಲ್ಲಿ ಬಟ್ಟೆಯ ಗಂಟು. ಅಕ್ಕ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಎದ್ದಳು. ಆಕೆ ಸಿಡಿಮಿಡಿಯನ್ನು ಕಂಡು, ಓಹೋ, ಓದೆಲ್ಲ ಮುಗೀತಾ, ಇನ್ನು ನಮ್ಮ ಸೊಸೆಯ ಹೆರಿಗೆ ನಿನ್ನ ಕೈಯಲ್ಲೇ ಅನ್ನು ಎಂದು ಉಪಚಾರದ ಮಾತಾಡಿದಳು.

ಸಿಡಿಮಿಡಿಯ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು.

"ಸೊಸೆಗೆ ಎಷ್ಟು ತಿಂಗಳು?" ಎಂದಳು.

"ಐದು."

"ಹಾಗಾದ್ರೆ ಮಧ್ಯಾಹ್ನದ ಹೊತ್ತು ನೋವು ಬರೋ ಹಾಗೆ ನೋಡ್ಕೊಳ್ಳಿ" ಎಂದು ಹೇಳಿ, ನಗದೆ, ಮುಂದಿನ ಗುಂಡಿಗೆ ಸೂಜಿ ಹಾಕಿದಳು.