ಅಂಗಾಲಿಗೆ ಕೊಟ್ಟ ಅರ್ಥಿಂಗ್

ಕರೆಂಟಿನ ವಿಷಯದಲ್ಲಿ ನಮ್ಮೂರು ಶಾಗ್ಯದ ಪುಟ್ಟಮಲ್ಲಣ್ಣನಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಕಾಡಂಚಿನ ಜಮೀನುಗಳಿಗೆ ನಾವು ಏಳೆಂಟು ಮನೆಯವರು ಸೇರಿ ಹಾಕಿಸಿದ ಸೋಲಾರ್ ಬೇಲಿಗೆ ಅವನೇ ಯಜಮಾನ. ಸಂಜೆಯಾದರೆ ಕುಡುಗೋಲು ಹಿಡಿದು ಬೇಲಿಯುದ್ದಕ್ಕೂ ನಡೆದು, ತಂತಿಗೆ ತಗುಲಿದ ಬಳ್ಳಿ ಸವರುತ್ತಿದ್ದ. ಹಸಿ ಹುಲ್ಲುಕಡ್ಡಿ ತಂತಿಗೆ ತಾಗಿಸಿ, ಬೆರಳಿಗೆ ಬಡಿದ ಪೆಟ್ಟಿನಲ್ಲೇ ಪವರ್ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಪೆಟ್ಟು ಸಪ್ಪೆಯೆನಿಸಿದರೆ ಕರೆಂಟು ನೆಲಕ್ಕೆ ಸೇರುವ ಅರ್ಥಿಂಗ್ ಗುಂಡಿಗೆ ಎರಡು ಕೊಡ ಉಪ್ಪುನೀರು ಹುಯ್ಯುತ್ತಿದ್ದ. ಆಮೇಲೆ ಬೇಲಿಗೆ ತಾಗಿದ ಕಾಡುಹಂದಿಗಳು ಕಿರುಚಿಕೊಂಡು ಓಡುವುದನ್ನು ನಾವೆಲ್ಲ ಕೇಳಿದ್ದೇವೆ.

ಹಾಗೆ ಬಳ್ಳಿ ಸವರುತ್ತಲೇ ಒಂದು ದಿನ ಕಾಲು ಜಾರಿ ಆನೆ ಕಂದಕಕ್ಕೆ ಬಿದ್ದ. ಎಡಗಾಲಿನ ಮೂಳೆ ಮುರಿಯಿತು, ನರಕ್ಕೂ ಪೆಟ್ಟಾಯಿತು. ಮೂಳೆ ಕೂಡಿಕೊಂಡಿತು. ನೋವು ಮಾತ್ರ ಹೋಗಲಿಲ್ಲ, ದಿನದಿನಕ್ಕೆ ಜಾಸ್ತಿಯೇ ಆಯಿತು. ಮೊಣಕಾಲಿನ ಕೆಳಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಗಾಳಿ ಸೋಕಿದರೂ ಹಲ್ಲು ಕಚ್ಚುತ್ತಿದ್ದ. ಅದೇ ಕಾಲಿನ ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಹೊರಗೆ ನೋಡಿದರೆ ಗಾಯವಿಲ್ಲ, ಬಾವಿಲ್ಲ. ಕೂತು ತಿನ್ನುವುದಕ್ಕೆ ನೆಪ ಎಂದು ಊರಲ್ಲಿ ಆಡಿಕೊಂಡರು. ಅವರ ಬಾಯಿಗಿಷ್ಟು ಮಣ್ಣು ಹಾಕ. ಆ ಕಾಲು ಒಂದು ದಿನ ಅವರಿಗಿದ್ದಿದ್ದರೆ ಗೊತ್ತಾಗುತ್ತಿತ್ತು.

ಮೂರು ವರ್ಷ ಜಗುಲಿಯಲ್ಲೇ ಕಳೆದ ಮೇಲೆ ನಾನೇ ಅವನನ್ನು ಕೊಳ್ಳೇಗಾಲದ ಮೇಲೆ ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು, ಪೆಟ್ಟು ತಿಂದ ನರ ಸುಮ್ಮಸುಮ್ಮನೆ ನೋವಿನ ಸುದ್ದಿ ಕಳಿಸುತ್ತಿದೆ ಎಂದರು. ಒಂದು ಪುಟ್ಟ ಮಿಷನ್ನು ಕೊಟ್ಟರು. ಅದರ ವೈರುಗಳ ತುದಿಯ ಅಂಟುಪಟ್ಟಿಗಳನ್ನು ಚರ್ಮಕ್ಕೆ ಅಂಟಿಸಿ ಸಣ್ಣ ಕರೆಂಟು ಬಿಟ್ಟರೆ ನೋವು ಮಂಕಾಗುತ್ತದಂತೆ. ಎರಡು ತಿಂಗಳು ನೋಡೋಣ, ಇದಕ್ಕೆ ನರ ಬಗ್ಗಿದರೆ ಬೆನ್ನುಹುರಿಯ ಹತ್ತಿರ ಒಳಗೇ ಒಂದು ಮಿಷನ್ನು ಕೂರಿಸಬಹುದು, ಅದು ನಡೆಯುವ ಹಾಗೆ ಮಾಡೀತು ಎಂದರು. ಬೇಲಿ ಸುತ್ತೋಕಾಯ್ತದಾ ಸಾ ಎಂದು ಇವನು ಕೇಳಿದ. ಡಾಕ್ಟರು ನಕ್ಕು, ಮೊದಲು ನಿದ್ದೆ ಬರಲಿ ಎಂದರು.

ಫಿಸಿಯೋಥೆರಪಿಯ ಮಧುಶ್ರೀ ಮೇಡಂ ಪಟ್ಟಿ ಎಲ್ಲಿಗೆ ಅಂಟಿಸಬೇಕೆಂದು ತೋರಿಸಿಕೊಟ್ಟರು. ಸ್ಪರ್ಶ ಇರುವ ಕಡೆಯೇ ಇರಬೇಕು, ಮರಗಟ್ಟಿದ ಅಂಗಾಲಿಗೆ ಯಾವ ಕಾರಣಕ್ಕೂ ಇಡಬಾರದು. ಇರುವೆ ಹರಿದ ಹಾಗೆ ಜುಮುಗುಟ್ಟಿದ ಕೂಡಲೇ ಪವರ್ ಏರಿಸುವುದು ನಿಲ್ಲಿಸಬೇಕು. ಇವನು ಮದುವೆ ಗಂಡಿನ ಹಾಗೆ ಎಲ್ಲದಕ್ಕೂ ತಲೆಯಾಡಿಸಿದ.

ಮೊದಲ ಕೆಲವು ವಾರ ನಾವು ಕಂಡ ಸಂತೋಷ ಹೇಳತೀರದು. ಅವನು ಗೊರಕೆ ಹೊಡೆದನೆಂದು ಹೆಂಡತಿ ಚಾಮುಂಡಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಒಂದು ಸಂಜೆ ಕೋಲೂರಿಕೊಂಡು ಬೇಲಿಯವರೆಗೆ ಬಂದು, ಹುಲ್ಲುಕಡ್ಡಿ ತಾಗಿಸಿ, ನಾವು ಬೇಲಿಯನ್ನು ಹಾಳುಗೆಡವಿದ್ದೇವೆಂದು ಬಾಯಿಗೆ ಬಂದಂತೆ ಬೈದ. ಬೈಸಿಕೊಂಡು ನಾವೆಲ್ಲ ನಕ್ಕೆವು.

ಆಮೇಲೆ ಜುಮುಗುಟ್ಟುವುದಷ್ಟೇ ಉಳಿಯಿತು, ಉರಿ ತಿರುಗಿ ಬಂತು. ಪಟ್ಟಿಗಳ ಅಂಟೂ ಬಿಟ್ಟಿತ್ತು. ಹೀಗೇನಾದರೂ ಆದರೆ ಫೋನ್ ಮಾಡಿ ಎಂದು ಮೇಡಂ ನಂಬರು ಕೊಟ್ಟಿದ್ದರು. ಒಳಗೆ ಕೂರಿಸುವ ಮಿಷನ್ನಿನ ಮಾತು ಎಲ್ಲಿ ತಪ್ಪಿಹೋಗುತ್ತದೋ ಎಂದು ಇವನು ಫೋನ್ ಮಾಡಲಿಲ್ಲ. ನನಗೂ ಹೇಳಲಿಲ್ಲ. ಬೇಲಿಯ ಲೆಕ್ಕವನ್ನೇ ಹಿಡಿದ. ಪೆಟ್ಟು ಸಪ್ಪೆಯಾದರೆ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಮನುಷ್ಯನ ಮೈಗೆ ಅರ್ಥಿಂಗ್ ಅಂಗಾಲಿನಲ್ಲಲ್ಲದೆ ಇನ್ನೆಲ್ಲಿರುತ್ತದೆ? ಒಂದು ಪಟ್ಟಿ ಕಿತ್ತು ಬಿಸಾಕಿ, ವೈರಿನ ಬರಿಯ ಪಿನ್ನನ್ನು ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯೊಳಗಿಟ್ಟು ಅಂಗಾಲಿಗೆ ಬಿಗಿದು ಕಟ್ಟಿದ. ಪವರ್ ಪೂರ್ತಿ ಏರಿಸಿದ. ಅಂಗಾಲಿಗೆ ಏನೂ ತಿಳಿಯಲಿಲ್ಲ. ಇನ್ನೂ ಸಾಲದು ಎಂದುಕೊಂಡು ಮಧ್ಯಾಹ್ನವೆಲ್ಲ ಹಾಗೇ ಬಿಟ್ಟುಕೊಂಡಿದ್ದ. ಮೂರು ದಿನ ಅದನ್ನೇ ಮಾಡಿದ. ಸುಟ್ಟ ಗಾಯ ಕಣ್ಣಿಗೆ ಬಿದ್ದದ್ದು ಚಾಮುಂಡಮ್ಮನಿಗೆ, ಅದೂ ವಾಸನೆ ಬಂದ ಮೇಲೆ.

ನನಗೆ ಬಂದ ಕೋಪಕ್ಕೆ ಅವನನ್ನು ಹೊಡೆಯುವುದೊಂದು ಬಾಕಿ. ಬೈದು ಮುಗಿಸಿ, ಮತ್ತೆ ಅದೇ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಗಾಯ ಮಾಯಲಿಲ್ಲ. ಬಿದ್ದಾಗಿನಿಂದ ರಕ್ತ ಸರಿಯಾಗಿ ಓಡದ ಕಾಲು, ಕೀವು ಆಳಕ್ಕಿಳಿಯಿತು. ಮೈಯಲ್ಲಿ ಇಷ್ಟು ಸೋಂಕಿರುವಾಗ ಬೆನ್ನಿಗೆ ಮಿಷನ್ನು ಕೂರಿಸುವ ಮಾತೇ ಇಲ್ಲ ಎಂದರು ಡಾಕ್ಟರು. ಹೊರಗಿನ ಮಿಷನ್ನಿಗೇ ನರ ಬಗ್ಗಿರಲಿಲ್ಲ, ಗಾಯ ಮಾದರೂ ಅದನ್ನು ಕೂರಿಸಿ ಪ್ರಯೋಜನವಿಲ್ಲ ಎಂದೂ ಹೇಳಿದರು. ಮಧುಶ್ರೀ ಮೇಡಂ ಬೈಯಲಿಲ್ಲ, ಮಿಷನ್ನನ್ನು ವಾಪಸ್ಸು ಇಸಿದುಕೊಂಡರು.

ಆಗ ಪುಟ್ಟಮಲ್ಲಣ್ಣ ಕೈ ಮುಗಿದ. "ಕಾಲ ಕುಯ್ದ್ಬುಡಿ ಸಾ. ನಂಗ್ ಬ್ಯಾಡ ಇದು."

ಕೀವು ಮೇಲಕ್ಕೆ ಏರಿದರೆ ಹೇಗೂ ತೆಗೆಯಬೇಕಾಗಬಹುದು ಎಂದರು ಡಾಕ್ಟರು. ಸುಳ್ಳು ಹೇಳಲು ಅವರಿಗೆ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಕಾಲು ಹೋದವರಿಗೂ ಅದೇ ಕಾಲು ಉರಿಯುವುದುಂಟು, ನಿಮ್ಮ ನೋವು ಹೋಗುತ್ತದೆಂದು ನಾನು ಹೇಳಲಾರೆ ಎಂದರು. ಗಾಯಕ್ಕೆ ಕಟ್ಟು ಹಾಕಿಸಿಕೊಂಡು ಬಸ್ಸು ಹತ್ತಿ, ಹನೂರಿನಲ್ಲಿ ಇಳಿಸಿ ಅವನನ್ನು ಮನೆ ಮುಟ್ಟಿಸಿದೆ.

ಮನೆಯಲ್ಲಿ ಚಾಮುಂಡಮ್ಮ, ಡಾಕ್ಟರು ಏನಂದರೆಂದು ಕೇಳಿದಳು.

"ಕಾಲ್ ತಗುದ್ರೂ ನೋವು ಇರ್ತದಂತ ಕಣಮ್ಮಿ," ಎಂದ.

"ಕಾಲೇ ಇಲ್ದೆ ಅದು ಎಲ್ಲಿರ್ತದ?"

"ನಾನಿರ್ತೀನಲ್ಲ," ಎಂದ ಅವನು.

ಅವಳು ಒಳಗಿನಿಂದ ಬಿದಿರಿನ ದೊಡ್ಡ ಮಂಕರಿ ಬುಟ್ಟಿ ತಂದು, ಹೊದಿಕೆ ತಾಗದ ಹಾಗೆ ಆ ಕಾಲಿನ ಮೇಲೆ ಕವುಚಿಟ್ಟು, ಅದರ ಮೇಲೆ ದುಪ್ಪಟಿ ಹೊದಿಸಿದಳು.